ಕಲ್ಲಿನ ಗೋಡೆ ಮುಗಿಯುವಲ್ಲಿ

ರಿಝಾನಾ ಡೆಲ್ಫ್ಟಿಗೆ ಬಂದಿಳಿದ ನಾಲ್ಕನೇ ದಿನವೇ ಪ್ರೊಫೆಸರರನ್ನು ಎದುರು ಹಾಕಿಕೊಂಡಳು.

ಮಣಿಪಾಲದಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದವಳು ಐದು ತಿಂಗಳ ಮಟ್ಟಿಗೆ ವಿನಿಮಯ ವಿದ್ಯಾರ್ಥಿಯಾಗಿ ಆ ಡಚ್ ಊರಿನ ವಿಶ್ವವಿದ್ಯಾಲಯಕ್ಕೆ ಬಂದಿದ್ದಳು. ಹುಡುಗಿಯನ್ನು ಒಬ್ಬಳೇ ಅಷ್ಟು ದೂರ ಕಳಿಸುವುದು ಎಂತಕ್ಕೆ ಎಂದು ಕಡಲತೀರದ ಊರಾದ ಹೂಡೆಯಲ್ಲಿ ದೊಡ್ಡಪ್ಪ ಪುತ್ತುಬ್ಬ ತಕರಾರು ಎತ್ತಿದ್ದರು. ಸಮುದ್ರ ವರ್ಷವರ್ಷ ಮನೆಯ ಹತ್ತಿರ ಬರುತ್ತಾ ಉಂಟು, ಅದನ್ನು ತಡೆಯುವ ವಿದ್ಯೆ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ ಎಂದು ತಾಯಿ ಮುನೀರಾ ಅವರ ಬಾಯಿ ಮುಚ್ಚಿಸಿದ್ದಳು.

ಮೊದಲ ಮೂರು ದಿನ ತಣ್ಣನೆಯ ಬ್ರೆಡ್ಡು, ಬಿಡದ ಗಾಳಿ. ಹೂಡೆಯಿಂದ ಮಣಿಪಾಲಕ್ಕೆ ದಿನಾ ಸ್ಕೂಟರಿನಲ್ಲಿ ಹೋಗುತ್ತಿದ್ದವಳು ಇಲ್ಲಿ ಕಾಲುವೆಯ ಪಕ್ಕದ ದಾರಿಯಲ್ಲಿ ಸೈಕಲಿನಿಂದ ಎರಡು ಸಲ ಬಿದ್ದಳು. ಬಸ್ಸಿನಲ್ಲಿ ಹೋಗಬಹುದಲ್ಲ ಎಂದು ಪಕ್ಕದ ಕೋಣೆಯ ಹುಡುಗಿ ಕನಿಕರದಿಂದ ಹೇಳಿದಳು. ರಿಝಾನಾ ಮೊಣಕಾಲಿಗೆ ಪಟ್ಟಿ ಅಂಟಿಸಿಕೊಂಡು ಮತ್ತೆ ಸೈಕಲನ್ನೇ ಹತ್ತಿದಳು.

ನಾಲ್ಕನೇ ದಿನ ಕಡಲ್ಕೊರೆತದ ಮೊದಲ ತರಗತಿ. ಮಾರ್ಟೆನ್ ಎಂಬ ಪ್ರೊಫೆಸರರು ಲೋಕದ ಬೇರೆ ಬೇರೆ ತೀರಗಳ ಚಿತ್ರ ತೋರಿಸುತ್ತಾ ಹೋದರು. ಆರನೇ ಚಿತ್ರದ ಗುರುತು ಅವಳಿಗೆ ತಕ್ಷಣ ಸಿಕ್ಕಿತು. ಅದು ಅವಳ ಮನೆಯಿಂದ ಕೂಗಳತೆಯ ದೂರದಲ್ಲಿದ್ದ ಕಲ್ಲಿನ ತಡೆಗೋಡೆ. ಕೆಳಗೆ 'ಯಶಸ್ವಿ' ಎಂದು ಬರೆದಿತ್ತು.

ಅವಳು ಎದ್ದು ನಿಂತಳು. ಗೋಡೆಯ ಹಿಂದಿನ ಮನೆಗಳು ಉಳಿದದ್ದು ನಿಜ, ಆದರೆ ಗೋಡೆ ಮುಗಿಯುವಲ್ಲಿಂದ ಆಚೆಗೆ ಸಮುದ್ರ ಮೊದಲಿಗಿಂತ ಜೋರಾಗಿ ಕೊರೆಯುತ್ತಿದೆ, ತಮ್ಮ ಬಲೆಯ ಶೆಡ್ಡೂ ಏಳು ತೆಂಗಿನ ಮರಗಳೂ ಹೋಗಿವೆ ಎಂದಳು. ಯಾವ ಅಧ್ಯಯನದಲ್ಲಿ ಹಾಗೆ ಬಂದಿದೆ ಎಂದು ಮಾರ್ಟೆನ್ ಕೇಳಿದರು. ಅಧ್ಯಯನ ಇಲ್ಲ, ಕಣ್ಣಾರೆ ಕಂಡದ್ದು ಎಂದಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

"ಕಂಡದ್ದು ಇಲ್ಲಿ ಸಾಲದು. ಅಳತೆ ಇದ್ದರೆ ಮಂಗಳವಾರ ತನ್ನಿ," ಎಂದರು ಮಾರ್ಟೆನ್.

"ತರುತ್ತೇನೆ," ಎಂದಳು ರಿಝಾನಾ.

ಹೊರಗೆ ಬಂದವಳೇ ತಾಯಿಗೆ ಫೋನು ಮಾಡಿ, ದಡ ಎಷ್ಟು ಕೊರೆದಿದೆ ಎಂಬ ಅಳತೆ ಬೇಕೆಂದಳು. ಮುನೀರಾ ಬೈಯಲಿಲ್ಲ, ಯಾಕೆಂದೂ ಕೇಳಲಿಲ್ಲ. ಮನೆ ಕಟ್ಟುವಾಗ ಮಾಡಿಸಿದ್ದ ಜಾಗದ ನಕ್ಷೆಯನ್ನು ಕಪಾಟಿನಿಂದ ತೆಗೆದಳು. ಅದರಲ್ಲಿ ಬಾವಿಯಿಂದ ದರೆಯ, ಎಂದರೆ ಕಡಲ ಬದಿಯ ಮಣ್ಣಿನ ದಿಬ್ಬದ, ಅಂಚಿಗೆ ನಲವತ್ತೊಂದು ಮೀಟರು. ಮರುದಿನ ಬೆಳಿಗ್ಗೆ ಪುತ್ತುಬ್ಬರ ಕೈಗೆ ಬಲೆಯ ಹಗ್ಗದ ಒಂದು ತುದಿ ಕೊಟ್ಟು, ಇನ್ನೊಂದನ್ನು ತಾನು ಹಿಡಿದು ಅಳೆದಳು. ಹಗ್ಗವನ್ನು ಟೇಪಿಗೆ ಹಿಡಿದರೆ ಹದಿನೆಂಟೂವರೆ ಮೀಟರು. ನಂಬಿಕೆ ಬಾರದೆ ಮತ್ತೊಮ್ಮೆ ಅಳೆದಳು.

"ಉಮ್ಮ, ನೀರಿನ ಅಂಚಿನಿಂದ ಅಳೆದದ್ದಾ? ಇಳಿತದ ಹೊತ್ತಿಗಾ, ಭರತದ ಹೊತ್ತಿಗಾ?" ಎಂದು ರಿಝಾನಾ ಫೋನಿನಲ್ಲಿ ಗಾಬರಿಯಿಂದ ಕೇಳಿದಳು.

"ನೀರು ಗಳಿಗೆಗೊಂದು ಕಡೆ ಇರುತ್ತದೆ, ಅದರಿಂದ ಯಾರು ಅಳೆಯುತ್ತಾರೆ? ದರೆಯಿಂದಲೇ ಅಳೆದದ್ದು. ಅವರು ನಂಬದಿದ್ದರೆ ನೀನು ಕೂತುಕೊಳ್ಳಬೇಡ, ಆಯ್ತಾ?"

ಮಂಗಳವಾರ, ತಾಯಿ ಕಳಿಸಿದ್ದ ನಕ್ಷೆಯನ್ನೂ ಹಗ್ಗದ ಫೋಟೋಗಳನ್ನೂ ರಿಝಾನಾ ಪರದೆಯ ಮೇಲೆ ಹಾಕಿದಳು. ಈ ಸಲ ಯಾರೂ ನಗಲಿಲ್ಲ. ಮಾರ್ಟೆನ್ ಎರಡೂ ಅಂಕಿಗಳನ್ನು ಬರೆದುಕೊಂಡರು. ಎರಡು ಅಳತೆಯಿಂದ ತೀರ್ಮಾನಕ್ಕೆ ಬರಲಾಗದು, ಆದರೆ ಪ್ರಶ್ನೆ ನ್ಯಾಯವಾದದ್ದು ಎಂದು ಒಪ್ಪಿಕೊಂಡು, 'ಯಶಸ್ವಿ' ಎಂಬುದರ ಮುಂದೆ ಪ್ರಶ್ನೆಚಿಹ್ನೆ ಹಾಕಿದರು.

ರಿಝಾನಾ ಕೂರಲಿಲ್ಲ. ಉಳಿದ ಚಿತ್ರಗಳಲ್ಲೆಲ್ಲ ಅಳೆದವರ ಹೆಸರಿದೆ, ಇದರಲ್ಲಿಯೂ ಇರಬೇಕು ಎಂದಳು. ಮಾರ್ಟೆನ್ ಕೀಬೋರ್ಡನ್ನು ಅವಳತ್ತ ಸರಿಸಿದರು. ಅವಳು ಟೈಪ್ ಮಾಡಿದಳು: ಅಳತೆ, ಮುನೀರಾ ಮತ್ತು ಪುತ್ತುಬ್ಬ, ಹೂಡೆ.

ಆಮೇಲೆ, ಆ ಪ್ರಶ್ನೆಚಿಹ್ನೆ ತನಗೆ ಸಾಲದೆಂದೂ, ಐದು ತಿಂಗಳು ಮುಗಿಯುವುದರೊಳಗೆ ಆ ಪದವನ್ನೇ ಅಳಿಸುವಷ್ಟು ಅಳತೆ ತರುತ್ತೇನೆಂದೂ ಹೇಳಿ ಕೂತಳು.