ಕಾಣದ ಚುಕ್ಕೆ

ಕನ್ನಡಕದ ಅಂಗಡಿ ನಡೆಸುವವಳಿಗೇ ಕಣ್ಣು ಕಾಣುವುದಿಲ್ಲ ಎಂದರೆ ಯಾರಿಗೆ ತಾನೆ ನಗು ಬರುವುದಿಲ್ಲ? ಮೊದಲು ನಕ್ಕವನು ಅವಳ ಅಣ್ಣನೇ. "ಊರಿಗೆಲ್ಲ ಕನ್ನಡಕ ಹಂಚಿ, ಕೊನೆಗೆ ನಿನ್ನ ಮೂಗಿಗೇ ಬಂತಲ್ಲೇ" ಎಂದಿದ್ದ. ಅವಳೂ ನಕ್ಕಿದ್ದಳು. ಅಣ್ಣನ ಮಾತಿಗೆ ನಗದೆ ಇರುವುದು ಅವಳಿಗೆ ಗೊತ್ತೇ ಇರಲಿಲ್ಲ.

ಅವಳಿಗೆ ವಿಮಾನದ ಹುಚ್ಚು ಹಿಡಿಸಿದವನೂ ಅವನೇ. ನಿಜವಾದ ವಿಮಾನವಲ್ಲ, ಕಂಪ್ಯೂಟರಿನಲ್ಲಿ ಹಾರಿಸುವ ಹಳೆಯ ಕಾಲದ ಯುದ್ಧವಿಮಾನ. ಅಣ್ಣ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ದಿನವಿಡೀ ಪಕ್ಕದ ಸೀಟಿನಲ್ಲಿ ಕುಳಿತು, ಬೇರೆಯವರು ಮರಕ್ಕೆ ಗುದ್ದದಂತೆ ಬ್ರೇಕು ಒತ್ತುವುದೇ ಅವನ ಕಸುಬು. ಸಂಜೆಯಾದರೆ ಮೇಜಿಗೆ ಬಿಗಿದ ಜಾಯ್‌ಸ್ಟಿಕ್ ಹಿಡಿದು ಕೂರುತ್ತಿದ್ದ. ಆಗ ಮಾತ್ರ ಅವನು ಯಾರ ಪಕ್ಕದಲ್ಲೂ ಕುಳಿತವನಾಗಿರಲಿಲ್ಲ. ಹೆಡ್‌ಫೋನಿನಲ್ಲಿ ಮಾತಾಡಿಕೊಂಡು ಒಟ್ಟಿಗೆ ಹಾರುವ ಹತ್ತಾರು ಜನರ ಪಡೆಯೊಂದರಲ್ಲಿ ಅವನು 'ಗಿಡುಗ'. ತಂಗಿಯನ್ನು ಕರೆತಂದ ದಿನ ಅವಳಿಗೆ 'ಗುಬ್ಬಿ' ಎಂದು ಹೆಸರಿಟ್ಟವನೂ ಅವನೇ.

ಮೊದಮೊದಲು ಗುಬ್ಬಿ ಶತ್ರು ಕಂಡ ಕೂಡಲೇ ಕೋಲನ್ನು ಹೊಟ್ಟೆಗೆ ಎಳೆದುಕೊಂಡುಬಿಡುತ್ತಿದ್ದಳು. ವಿಮಾನ ನಡುಗಿ, ವೇಗ ಸತ್ತು, ಕಲ್ಲಿನಂತೆ ಬೀಳುತ್ತಿತ್ತು.

"ಎಳೀಬೇಡ್ವೇ! ಅದೇನು ಬಾವಿ ಹಗ್ಗಾನಾ?" ಎಂದು ಅಣ್ಣ ಕೂಗುತ್ತಿದ್ದ. "ಅವನು ಸುತ್ತಿದ ಅಂತ ನೀನೂ ಸುತ್ತಬೇಡ. ಸ್ವಲ್ಪ ಮೇಲಕ್ಕೆ ಹೋಗು, ಅವನು ತಿರುಗಿ ತಿರುಗಿ ಸುಸ್ತಾಗ್ಲಿ. ಆಮೇಲೆ ಮೇಲಿಂದ ಇಳಿ. ಎತ್ತರ ಇದ್ರೆ ಉಸಿರು ಇದ್ದ ಹಾಗೆ."

ಕನ್ನಡಕದ ಸಾಸಿವೆಯಂಥ ತಿರುಪುಗಳನ್ನು ಕೂರಿಸಿ ಪಳಗಿದ ಕೈ ಅವಳದು. ಹಗುರವಾಗಿ ಹಿಡಿಯುವುದು ಬಂದಮೇಲೆ ಯಾರಿಂದಲೂ ಅವಳನ್ನು ತಡೆಯಲಾಗಲಿಲ್ಲ. ಎರಡು ವರ್ಷ ಕಳೆಯುವುದರೊಳಗೆ ಅಣ್ಣನನ್ನೇ ಹೊಡೆದುರುಳಿಸತೊಡಗಿದಳು. "ಭೇಷ್" ಎನ್ನುತ್ತಿದ್ದ ಅವನು. ಕ್ರಮೇಣ ಆ ಭೇಷ್ ಬರಲು ಸ್ವಲ್ಪ ಹೊತ್ತು ಹಿಡಿಯತೊಡಗಿತು. ಅವಳು ಅದನ್ನು ಗಮನಿಸಲಿಲ್ಲ.

ಪಡೆಯ ನಾಯಕರು ಬೇಕರಿ ನಡೆಸುವ ಹಿರಿಯರೊಬ್ಬರು. ಎಲ್ಲರೂ ಅವರನ್ನು ಯಜಮಾನ್ರು ಎನ್ನುತ್ತಿದ್ದರು. ಒಂದು ಭಾನುವಾರ ಅವರು, "ನನ್ನ ಕೈ ನಡುಗೋಕೆ ಶುರುವಾಗಿದೆ. ಈ ಸಲದ ಪಂದ್ಯ ಆದಮೇಲೆ ಯಾರಾದರೂ ಮುಂದೆ ನಿಲ್ಲಬೇಕು. ನಮ್ಮ ಗುಬ್ಬಿ ಆದ್ರೆ ಹೇಗೆ?" ಎಂದರು. ಎಲ್ಲರೂ ಹೂಂ ಎಂದರು. ಗಿಡುಗ ಎಲ್ಲರಿಗಿಂತ ಜೋರಾಗಿ ಹೂಂ ಎಂದ.

ಮರುವಾರ ಅವನೇ ಅವಳ ಮನೆಗೆ ಬಂದ. "ನಾಯಕಿ ಆಗೋಳ ಕಂಪ್ಯೂಟರ್ ಹೀಗೆ ತಡವರಿಸಿದ್ರೆ ಹೇಗೆ? ನೀನು ಟೀ ಮಾಡು, ನಾನು ಸರಿಮಾಡ್ತೀನಿ" ಎಂದ. ಪೆಟ್ಟಿಗೆ ಬಿಚ್ಚಿ ಫ್ಯಾನಿನ ಧೂಳು ಊದಿದ. ಆಟದ ಸೆಟ್ಟಿಂಗ್ಸಿನಲ್ಲಿ ಮೋಡ, ನೆರಳು, ನೀರಿನ ಹೊಳಪು ಒಂದೊಂದನ್ನೇ ತಗ್ಗಿಸಿದ. ಅವಳು ಟೀ ತರುವಷ್ಟರಲ್ಲಿ ಚಿತ್ರ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಓಡುತ್ತಿತ್ತು.

"ಇನ್ನು ಏನೂ ಮುಟ್ಟಬೇಡ. ಒಂದು ಹೋದ್ರೆ ಎಲ್ಲ ಹೋಗುತ್ತೆ" ಎಂದು ಹೇಳಿ, ಅವಳ ತಲೆ ಸವರಿ ಹೋದ.

ಅಲ್ಲಿಂದಲೇ ಗ್ರಹಚಾರ ಶುರುವಾಯಿತು. ಆಕಾಶ ಖಾಲಿ ಎಂದುಕೊಂಡು ಹಾರುತ್ತಿದ್ದರೆ ಎಲ್ಲಿಂದಲೋ ಗುಂಡು ಬಂದು ರೆಕ್ಕೆ ಹಾರಿಹೋಗುತ್ತಿತ್ತು. ಬೇರೆಯವರು "ಬಲಕ್ಕೆ, ಮೇಲೆ, ಮೂರು ವಿಮಾನ" ಎನ್ನುವಾಗ ಅವಳಿಗೆ ಬರೀ ನೀಲಿ. ತೆರೆಗೆ ಮೂಗು ತಾಗಿಸಿ ನೋಡಿದರೂ ಅಷ್ಟೇ. ಶತ್ರು ಮೈಮೇಲೆ ಬಿದ್ದಮೇಲೆಯೇ ಕಾಣುತ್ತಿದ್ದ.

"ಅಣ್ಣ, ಕಂಪ್ಯೂಟರಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆಗಿದ್ಯಾ, ಒಂದ್ಸಲ ನೋಡೋ."

ಅವನು ಮತ್ತೆ ಬಂದ, ನೋಡಿದ. "ಎಲ್ಲ ಸರಿಯಾಗೇ ಇದೆ ಪುಟ್ಟಿ. ವಯಸ್ಸಾಯ್ತಲ್ವಾ, ಕಣ್ಣು ತೋರಿಸ್ಕೋ."

ಅವಳು ಅಂಗಡಿ ಬಾಗಿಲು ಹಾಕಿ, ತನ್ನದೇ ಗೋಡೆಯ ಅಕ್ಷರಗಳ ಮುಂದೆ ತಾನೇ ಕುಳಿತಳು. ಕೊನೆಯ ಸಾಲು ಸರಾಗವಾಗಿ ಓದಿದಳು. ನಂಬಿಕೆ ಬರಲಿಲ್ಲ. ಬಾಯಿಪಾಠವಾಗಿದ್ದರಿಂದ ಓದುತ್ತಿದ್ದೇನೋ ಏನೋ! ಗಿರಾಕಿಗಳಿಗೆ ಗಾಜು ಕೂರಿಸುವಾಗ ಕೈ ಅಳುಕತೊಡಗಿತು. ಒಬ್ಬ ಮುದುಕಿಯ ಕನ್ನಡಕವನ್ನು ಮತ್ತೆ ಮತ್ತೆ ಅಳೆದು, ಕಡೆಗೆ ಬೇರೆ ಅಂಗಡಿಗೆ ಕಳಿಸಿಬಿಟ್ಟಳು.

ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದವನು ಅಣ್ಣನೇ. ಹನಿ ಹಾಕಿ ಪಾಪೆ ಹಿಗ್ಗಿಸಿದರು. ಲೋಕವೆಲ್ಲ ಮಸುಕಾದಾಗ ಅವಳ ಕೈ ಹಿಡಿದು, "ಇಲ್ಲೊಂದು ಮೆಟ್ಟಿಲು, ಇನ್ನೊಂದು" ಎಂದು ಎಣಿಸುತ್ತ ಇಳಿಸಿದ. ಕಣ್ಣಲ್ಲಿ ದೋಷವಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಂದರೆ ದೋಷ ತಲೆಯಲ್ಲೇ ಇರಬೇಕು ಎಂದು ಅವಳು ಕಾರಿನಲ್ಲಿ ಅತ್ತಳು. ಅವನು ತನ್ನ ಕರ್ಚೀಫು ಕೊಟ್ಟ.

ಪಂದ್ಯದ ದಿನ ಯಜಮಾನ್ರ ಬೆನ್ನು ಕಾಯುವ ಕೆಲಸ ಅವಳದಾಗಿತ್ತು. ಹಿಂದಿನಿಂದ ಬಂದವರನ್ನು ಅವಳು ಕಾಣಲೇ ಇಲ್ಲ. ಯಜಮಾನ್ರ ವಿಮಾನ ಹೊತ್ತಿ ಉರಿದು ಕೆಳಗೆ ಬಿತ್ತು, ಪಡೆ ಸೋತಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ನನ್ನಿಂದ ಆಗಲ್ಲ, ಅಣ್ಣನೇ ನಾಯಕ ಆಗ್ಲಿ" ಎಂದು ಹೇಳಿ ಹೆಡ್‌ಫೋನು ತೆಗೆದಿಟ್ಟಳು.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅತ್ತಿಗೆ ಫೋನ್ ಮಾಡಿ, ಕನ್ನಡಕದ ಕಾಲು ಮುರಿದಿದೆ, ಬಂದು ಸರಿಮಾಡಿಕೊಡು, ಊಟವೂ ಇಲ್ಲೇ ಎಂದಳು. ಅಣ್ಣ ಕಲಿಯುವವರ ಜೊತೆ ರಸ್ತೆಯಲ್ಲಿದ್ದ. ಕನ್ನಡಕ ಸರಿಯಾಯಿತು, ಅಡುಗೆ ಆಗಿರಲಿಲ್ಲ.

"ಸುಮ್ನೆ ಯಾಕೆ ಕೂತಿದ್ದೀಯಾ? ನಿಮ್ಮಣ್ಣನ ಕಂಪ್ಯೂಟರ್ ಹಾಕ್ಕೋ. ನೀನು ಆಟ ಬಿಟ್ಟಮೇಲೆ ಅವರಿಗೂ ಮನೇಲಿ ಮಾತೇ ಇಲ್ಲ" ಎಂದಳು ಅತ್ತಿಗೆ.

ಒಲ್ಲದ ಮನಸ್ಸಿನಿಂದಲೇ ಕುಳಿತು ಅಭ್ಯಾಸದ ಹಾರಾಟವೊಂದನ್ನು ಶುರುಮಾಡಿದಳು. ಮೇಲೇರಿ ತಲೆ ತಿರುಗಿಸಿದಳು. ದೂರದ ನೀಲಿಯಲ್ಲಿ ಒಂದು ಕಪ್ಪು ಚುಕ್ಕೆ. ಅದರ ಪಕ್ಕ ಇನ್ನೊಂದು. ಎಳ್ಳು ಚೆಲ್ಲಿದ ಹಾಗೆ ದೂರದ ವಿಮಾನಗಳು, ಎಲ್ಲವೂ ಸ್ಪಷ್ಟ, ಒಂದೊಂದೂ ಎಣಿಸುವಷ್ಟು. ಅವಳು ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಚುಕ್ಕೆಗಳು ಅಲ್ಲೇ ಇದ್ದವು.

ಆಮೇಲೆ ಸೆಟ್ಟಿಂಗ್ಸ್ ತೆರೆದಳು. ಮೋಡ, ನೆರಳು ಅವಳ ಕಂಪ್ಯೂಟರಿನಲ್ಲಿ ಇದ್ದ ಹಾಗೆಯೇ ತಗ್ಗಿದ್ದವು. ಆದರೆ 'ದೂರದ ವಸ್ತುಗಳು' ಎಂಬ ಗೆರೆ ಬಲತುದಿಯಲ್ಲಿ, ಪೂರ್ತಿ ಹೆಚ್ಚಿಗೆ ಇತ್ತು. ಚಿತ್ರದ ಅಂಚುಗಳನ್ನು ಮಸುಕಾಗಿಸಿ ನಯ ಮಾಡುವ ಗುಂಡಿ ಆಫ್ ಆಗಿತ್ತು. ಮನೆಗೆ ಓಡಿ ತನ್ನದನ್ನು ನೋಡಿದಳು. ದೂರದ ಗೆರೆ ಎಡತುದಿಗೆ, ಸೊನ್ನೆಗೆ ಬಂದಿತ್ತು. ಅಂಚು ನಯ ಮಾಡುವುದು ಪೂರ್ತಿ ಹೆಚ್ಚಿತ್ತು. ಚೂರುಪಾರು ಉಳಿದ ಚುಕ್ಕೆಯೂ ಆಕಾಶದಲ್ಲಿ ಕರಗಿಹೋಗಲಿ ಎಂಬಂತೆ. ಗೊತ್ತಿಲ್ಲದೆ ಆದ ತಪ್ಪಲ್ಲ ಅದು. ಗೊತ್ತಿಲ್ಲದವನು ತನ್ನದನ್ನು ಅಷ್ಟು ಸರಿಯಾಗಿ ಇಟ್ಟುಕೊಳ್ಳುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಡ್ರೈವಿಂಗ್ ಸ್ಕೂಲಿನ ಅಂಗಳಕ್ಕೆ ಹೋದಳು. ಅಣ್ಣ ಕಾರಿನಲ್ಲಿ, ತನ್ನ ಎಂದಿನ ಪಕ್ಕದ ಸೀಟಿನಲ್ಲಿ ಕುಳಿತು ಮುಂದಿನವರಿಗೆ ಕಾಯುತ್ತಿದ್ದ. ಅವಳು ಬಾಗಿಲು ತೆಗೆದು ಕಲಿಯುವವರ ಸೀಟಿನಲ್ಲಿ ಕುಳಿತಳು.

"ಏನೇ ಇಷ್ಟು ಬೆಳಿಗ್ಗೆ?"

"ನಿನ್ನ ಕಂಪ್ಯೂಟರಲ್ಲಿ ನಿನ್ನೆ ಹಾರಿದೆ."

ಅವನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಕಾರು ನಿಂತೇ ಇತ್ತು.

"ಚಿತ್ರ ಸರಾಗವಾಗಿ ಓಡ್ಲಿ ಅಂತ..." ಎಂದು ಶುರುಮಾಡಿದ.

"ಸುಳ್ಳು ಹೇಳಬೇಡ ಅಣ್ಣ. ಇದನ್ನೆಲ್ಲ ನನಗೆ ಕಲಿಸಿದ್ದೇ ನೀನು."

ಅವನು ಗಾಜಿನಾಚೆ ಮುಖ ತಿರುಗಿಸಿದ. "ನಂಗೆ ಇದೊಂದೇ ಇತ್ತು ಕಣೇ. ನಿಂಗೆ ಅಂಗಡಿ ಇದೆ, ಹೆಸರಿದೆ. ನಾನು ಕರ್ಕೊಂಡು ಬಂದೋಳು ನನ್ನ ಮೇಲೇ... ಒಂದೇ ಪಂದ್ಯ ಅಂದ್ಕೊಂಡೆ. ಆಮೇಲೆ ಸರಿಮಾಡೋಣ ಅಂತಿದ್ದೆ."

"ನಾಯಕ ಆಗ್ಬೇಕು ಅಂತ ಕೇಳಿದ್ರೆ ಅಲ್ಲೇ ಬಿಟ್ಟುಕೊಡ್ತಿದ್ದೆ. ಅದಲ್ಲ ನನ್ನ ಸಂಕಟ. ನಾನು ಕುರುಡಿ ಆಗ್ತಿದ್ದೀನಿ ಅಂತ ನಂಬಿದ್ದೆ. ನನ್ನನ್ನ ನೀನು ಮೆಟ್ಟಿಲು ಎಣಿಸಿ ಇಳಿಸಿದೆಯಲ್ಲ, ಆಗ ನಿಂಗೆ ಏನನ್ನಿಸ್ತು? ಅಷ್ಟು ಹೇಳು ಸಾಕು."

ಅವನು ಸೀಟಿನ ಬೆಲ್ಟು ಬಿಚ್ಚಿ ಮತ್ತೆ ಹಾಕಿಕೊಂಡ. ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲ ಯಾರನ್ನು ಕೂಗಬೇಕು? ಅವಳು ಇಳಿದು ಬಾಗಿಲು ಮೆಲ್ಲಗೆ ಹಾಕಿದಳು. "ಯಾರಿಗೂ ಹೇಳಬೇಡ್ವೇ" ಎಂಬ ಮಾತು ಹಿಂದಿನಿಂದ ಕೇಳಿಸಿತು.

ಹೇಳಿದಳು. ಪಡೆಯೆಲ್ಲ ಹೆಡ್‌ಫೋನಿನಲ್ಲಿ ಸೇರಿದ್ದಾಗ, ಅವನೂ ಕೇಳುತ್ತಿದ್ದಾಗ, ಅಳದೆ, ಬೈಯದೆ, ಆದದ್ದನ್ನು ಆದ ಹಾಗೆ ಹೇಳಿದಳು. ಯಜಮಾನ್ರು, "ಗಿಡುಗ, ಇದು ನಿಜಾನಾ?" ಎಂದರು. ತೆರೆಯ ಮೇಲಿನ ಪಟ್ಟಿಯಲ್ಲಿ ಅವನ ಹೆಸರು ಆರಿತು; ಅವನೇ ಎದ್ದುಹೋಗಿದ್ದ. ಮತ್ತೆ ಅವನು ಬರಲಿಲ್ಲ. ಅತ್ತಿಗೆ ಮಾತ್ರ ಫೋನ್ ಮಾಡಿ, "ಮನೆ ಮಾತು ಬೀದಿಗೆ ತಂದೆಯಲ್ಲಮ್ಮ" ಎಂದು ಅತ್ತಳು. ಅದೂ ಸುಳ್ಳಲ್ಲ ಎನ್ನಿಸಿತು ಅವಳಿಗೆ.

ಗುಬ್ಬಿ ಈಗ ಪಡೆಯ ನಾಯಕಿ. ಅಂಗಡಿಯಲ್ಲಿ ಅವಳ ಕೈ ಮತ್ತೆ ಸ್ಥಿರವಾಗಿದೆ. ಅವಳ ಬೆನ್ನು ಕಾಯಲು ಹೊಸ ಜೊತೆಗಾರ್ತಿ ಬಂದಿದ್ದಾಳೆ. ಆಸ್ಪತ್ರೆಯ ನರ್ಸ್, ಹದ್ದಿನ ಕಣ್ಣಿನವಳು, ಇದುವರೆಗೆ ಒಂದು ಚುಕ್ಕೆಯನ್ನೂ ತಪ್ಪಿಸಿದವಳಲ್ಲ.

"ಅಕ್ಕಾ, ಮುಂದೆ ನೋಡಿ. ಹಿಂದೆ ನಾನಿದ್ದೀನಲ್ಲ" ಎನ್ನುತ್ತಾಳೆ ಅವಳು.

"ಗೊತ್ತಮ್ಮ" ಎನ್ನುತ್ತಾಳೆ ಗುಬ್ಬಿ. ಹಾಗೆನ್ನುತ್ತಲೇ ಕತ್ತು ತಿರುಗಿಸಿ, ತಾನೇ ಒಮ್ಮೆ ಹಿಂದೆ ನೋಡಿಕೊಳ್ಳುತ್ತಾಳೆ.