ಪ್ರತಿಭಾ ಆರಿಸಿಕೊಂಡ ಪರೀಕ್ಷೆ

ಇಸಳೂರಿನ ಪ್ರತಿಭಾಳಿಗೆ ಕಂಪ್ಯೂಟರ್ ರಿಪೇರಿ ಎಂದರೆ ನೀರು ಕುಡಿದಷ್ಟು ಸಲೀಸು. ಶಿರಸಿಯ ಒಂದು ಸರ್ವಿಸ್ ಕಂಪನಿಯಲ್ಲಿ ಐದು ವರ್ಷದಿಂದ ಅವಳದು ಇದೇ ಕೆಲಸ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಸಹಕಾರಿ ಸೊಸೈಟಿಗಳಲ್ಲಿ ಪ್ರಿಂಟರ್ ಕೈಕೊಟ್ಟರೂ ಫೋನು ಅವಳಿಗೇ, ಪಾಸ್‌ವರ್ಡ್ ಮರೆತರೂ ಅವಳಿಗೇ. ಆದರೆ ಇಡೀ ಕಚೇರಿಯ ನೆಟ್‌ವರ್ಕ್ ಕೆಟ್ಟರೆ ಮಾತ್ರ ಹುಬ್ಬಳ್ಳಿಯಿಂದ ಬೇರೆ ಇಂಜಿನಿಯರ್ ಬರಬೇಕು.

ಒಂದು ಸೋಮವಾರ ಯಲ್ಲಾಪುರದಲ್ಲಿ ಹಾಗೇ ಆಯಿತು. ಸೊಸೈಟಿಯ ಬಾಗಿಲ ತನಕ ಜನರ ಸಾಲು. ಎಂಟು ಕಂಪ್ಯೂಟರಿಗೂ ನೆಟ್ ಇಲ್ಲ. ಪ್ರತಿಭಾ ಕೇಬಲ್ ಬದಲಿಸಿದಳು, ಎಲ್ಲವನ್ನೂ ಬಂದ್ ಮಾಡಿ ಮತ್ತೆ ಶುರು ಮಾಡಿದಳು. ಊಹೂಂ!

ಸಾಲಿನಲ್ಲಿದ್ದ ಮಾಗೋಡಿನ ಹಿರಿಯರೊಬ್ಬರು, "ತಂಗಿ, ನಿಂಗೆ ಆಗ್ದಿದ್ರೆ ಆಗೋರ್ನ ಕರ್ಸು ಮಾರಾಯ್ತಿ" ಎಂದಾಗ ಅವಳು ಹುಬ್ಬಳ್ಳಿಗೆ ಫೋನು ಮಾಡಿದಳು.

ಹುಬ್ಬಳ್ಳಿಯವರು ಬಂದದ್ದು ಮೂರು ಗಂಟೆಗೆ. ಯಾರೋ ಮನೆಯಿಂದ ವೈಫೈ ಡಬ್ಬಿ ತಂದು ಸಿಕ್ಕಿಸಿದ್ದರು. ಅದು ಕಂಪ್ಯೂಟರುಗಳಿಗೆಲ್ಲ ತಪ್ಪು ವಿಳಾಸ ಹಂಚುತ್ತಿತ್ತು. ಅದನ್ನು ಪತ್ತೆ ಹಚ್ಚಿ ಸರಿಮಾಡಲು ಅವರಿಗೆ ಹಿಡಿದದ್ದು ಹತ್ತೇ ನಿಮಿಷ!

'ಇದನ್ನು ನಾನೂ ಕಲೀಲೇಬೇಕು' ಎಂದುಕೊಂಡು ಪ್ರತಿಭಾ ಬಸ್ಸು ಹತ್ತಿದಳು. ಅಷ್ಟರಲ್ಲಿ ಒಂದು ಫೋನು. "ಮೇಡಂ, ಹದಿನೈದೇ ದಿನದಲ್ಲಿ ಸೈಬರ್ ಸೆಕ್ಯುರಿಟಿ ಸರ್ಟಿಫಿಕೇಟ್. ಪರೀಕ್ಷೆನೇ ಇಲ್ಲ. ಕೆಲಸ ಗ್ಯಾರಂಟಿ. ಇವತ್ತೇ ದುಡ್ಡು ಕಟ್ಟಿ!" ಪ್ರತಿಭಾಳ ಮನಸ್ಸು ಕುಣಿಯಿತು.

ಮನೆಯಲ್ಲಿ ಅತ್ತೆ ದೇವಕ್ಕ ಒಪ್ಪಲಿಲ್ಲ. "ಕೈಯಾಗ ವಿದ್ಯಾ ಐತಿ. ಐದ್ ವರ್ಷದಿಂದ ಕೆಲಸಾನೂ ಮಾಡಾಕತ್ತೀ. ಇನ್ನೊಂದು ಕಾಗದ ಯಾಕವಾ?"

ಪ್ರತಿಭಾಳ ಸಹಪಾಠಿ, ಸಿದ್ದಾಪುರದ ನಮಿತಾ ಅಂದು ಮನೆಗೆ ಬಂದಿದ್ದಳು. ನೆಟ್‌ವರ್ಕ್ ಕೆಲಸದಲ್ಲಿ ಪಳಗಿದವಳು. ಫೋನಿನ ವಿಷಯ ಕೇಳಿ ಜೋರಾಗಿ ನಕ್ಕಳು.

"ಪರೀಕ್ಷೆ ಇಲ್ದೆ ಕೊಡೋ ಸರ್ಟಿಫಿಕೇಟು ಎಂತಕ್ಕೆ ಬರ್ತದೆ ಮಾರಾಯ್ತಿ? ದುಡ್ಡು ಕಟ್ಬೇಡ. ಮೊದ್ಲು ನಿಂಗೆ ಬಂದ ಕಂಪ್ಲೇಂಟ್ ಎಲ್ಲ ತೆಗಿ. ಎಲ್ಲಿ ಸಿಕ್ಕಾಕ್ಕೊಂಡೆ, ನೋಡುವಾ."

ಇಬ್ಬರೂ ಮೂರು ತಿಂಗಳ ದೂರುಗಳನ್ನು ನೋಡಿದರು. ಪ್ರತಿಭಾ ಹುಬ್ಬಳ್ಳಿಗೆ ದಾಟಿಸಿದ್ದೆಲ್ಲ ಹೆಚ್ಚುಕಡಿಮೆ ನೆಟ್‌ವರ್ಕಿನದ್ದೇ!

"ಹಾಂಗಾದ್ರೆ ನಿಂಗೆ ನೆಟ್‌ವರ್ಕಿಂಗೇ ಮೊದ್ಲು. ಸಿಸಿಎನ್ಎ ಅಂತ ನೆಟ್‌ವರ್ಕಿನ ಪರೀಕ್ಷೆ ಇದೆ, ಅದನ್ನ ಮಾಡು. ಸೈಬರ್ ಸೆಕ್ಯುರಿಟಿ ಕೆಟ್ಟದ್ದಲ್ಲ, ಅದ್ರ ಬುಡಕ್ಕೂ ಇದೇ ಬೇಕು" ಎಂದಳು ನಮಿತಾ. ಮೊಬೈಲಿನಲ್ಲಿ ಕೆಲಸದ ಜಾಹೀರಾತುಗಳನ್ನು ತೋರಿಸಿದಳು. ಹುಬ್ಬಳ್ಳಿ, ಶಿವಮೊಗ್ಗದವರೂ ಅದನ್ನೇ ಕೇಳಿದ್ದರು. ಪರೀಕ್ಷೆಯ ಶುಲ್ಕ, ಪಠ್ಯ, ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕೆಂಬ ನಿಯಮ, ಎಲ್ಲವನ್ನೂ ಪರೀಕ್ಷೆ ನಡೆಸುವವರ ಜಾಲತಾಣದಲ್ಲೇ ಓದಿದರು.

ದೇವಕ್ಕನ ಮುಖ ಇನ್ನೂ ಬಿಗಿಯಾಗಿತ್ತು. ನಮಿತಾ ಅವರತ್ತ ತಿರುಗಿದಳು.

"ದೇವಕ್ಕ, ನಿಮ್ಮ ಮಗ ರವೀಂದ್ರಣ್ಣಂಗೆ ಟೆಂಪೋ ಓಡ್ಸಲೆ ಬರ್ತಿತ್ತಲ್ಲ, ಮತ್ತೆ ಲೈಸೆನ್ಸ್ ಎಂತಕ್ಕೆ ಮಾಡ್ಸಿದ?"

"ಅದಿಲ್ದಿದ್ರ ಯಾರ್ ಗಾಡಿ ಕೊಡ್ತಾರ?" ಎಂದ ದೇವಕ್ಕನಿಗೆ ತಮ್ಮ ಮಾತಿನಲ್ಲೇ ಉತ್ತರ ಇದೆ ಎಂದು ಹೊಳೆಯಿತು. ಆಮೇಲೆ ಸೊಸೆಯ ಕಡೆ ನೋಡಿ, "ಹಂಗಾದ್ರ ಓದವಾ. ಮುಂಜಾನಿ ರೊಟ್ಟಿ ನಾ ಬಡೀತೀನಿ" ಎಂದರು.

ಮೊದಲ ತಿಂಗಳು ಪ್ರತಿಭಾ ಒಂದು ಪೈಸೆ ಖರ್ಚು ಮಾಡಲಿಲ್ಲ. ಉಚಿತ ಅಭ್ಯಾಸದ ತಂತ್ರಾಂಶ ಹಾಕಿಕೊಂಡು ದಿನಾ ಬೆಳಿಗ್ಗೆ ಒಂದು ತಾಸು ಕುಳಿತಳು. ತಪ್ಪಿದಳು, ಅಳಿಸಿದಳು, ಮತ್ತೆ ಜೋಡಿಸಿದಳು. ಒಂದು ದಿನ ಪರದೆಯ ಮೇಲೆ ಅವಳೇ ಜೋಡಿಸಿದ್ದ ಎರಡು ಅಭ್ಯಾಸದ ಕಚೇರಿಗಳು ಒಂದಕ್ಕೊಂದು ಮಾತಾಡಿದವು.

"ಹೋತು! ಹೋತು!" ಎಂದು ಅವಳು ಕೂಗಿದ್ದಕ್ಕೆ ದೇವಕ್ಕ ಹಿಟ್ಟಿನ ಕೈಯಲ್ಲೇ ಓಡಿಬಂದರು.

"ಏನ್ ಹೋತವಾ?"

"ಮೆಸೇಜ್ ಅತ್ತಿ! ಈ ಆಫೀಸಿಂದ ಆ ಆಫೀಸಿಗೆ!"

ಏಳು ತಿಂಗಳ ನಂತರ ಹುಬ್ಬಳ್ಳಿಯಲ್ಲಿ ಪರೀಕ್ಷೆ. ಎರಡು ತಾಸು ಕಳೆದು ಪರದೆಯ ಮೇಲೆ 'ಪಾಸ್' ಎಂದು ಬಂದಾಗ ಪ್ರತಿಭಾಳಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಮರುವಾರವೇ ಕಂಪನಿ ಮೂರೂ ತಾಲೂಕಿನ ನೆಟ್‌ವರ್ಕಿನ ಹೊಣೆಯನ್ನು ಅವಳಿಗೆ ವಹಿಸಿತು, ಪಗಾರವನ್ನೂ ಏರಿಸಿತು.

ದೇವಕ್ಕ ಓಣಿಗೆಲ್ಲ ಸಕ್ಕರೆ ಹಂಚಿ ಬಂದು ಸೊಸೆಯ ಪಕ್ಕ ಕುಳಿತರು. "ಆತಲ್ಲ. ಇನ್ನ ಮುಂದಿನ ಪರೀಕ್ಷಾ ಯಾವ್ದವಾ?"

ಕಂಪ್ಯೂಟರ್ ಸಪೋರ್ಟ್ ಕೆಲಸದಲ್ಲಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಪರೀಕ್ಷೆಯೇ ಇಲ್ಲ ಎನ್ನುವ ಫೋನು ಬಂದರೆ ಕೂಡಲೇ ಇಟ್ಟುಬಿಡಿ. ಕೆಲಸದಲ್ಲಿ ನೀವು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ ಎಂದು ನೋಡಿ, ಆ ದಾರಿಯಲ್ಲಿ ನಡೆದವರನ್ನು ಕೇಳಿ, ಮೊದಲು ಉಚಿತವಾಗಿ ಕಲಿತು ನೋಡಿ. ಆಮೇಲೆ ಪರೀಕ್ಷೆಗೆ ಹೆಸರು ಕೊಡಿ. ಇವತ್ತೇ ಒಂದು ತಾಸು ಕುಳಿತುಕೊಳ್ಳಿ!