ಎಂಬತ್ತೇಳು ಕಿಲೋಮೀಟರ್

ಜೈವತಿ ಆ ದಪ್ಪ ಪುಸ್ತಕವನ್ನು ಗಂಡನ ಶವಪೆಟ್ಟಿಗೆಯೊಳಗೆ ತುರುಕುತ್ತಿದ್ದಾಗ, ಅವನ ಕೈಕೆಳಗೆ ಕೆಲಸ ಕಲಿತ ಲಿತಿಯಾ ಬಂದು ಕೈ ಹಿಡಿದುಕೊಂಡಳು.

"ಆಂಟಿ, ಸುಡಬೇಡಿ. ಅಂಕಲ್ ಬರೆದದ್ದೆಲ್ಲಾ ಯೂನಿವರ್ಸಿಟಿಗೆ ಬೇಕು."

"ಉಳಿದದ್ದೆಲ್ಲಾ ಹೊತ್ಕೊಂಡು ಹೋಗು. ಇದೊಂದು ಅವರ ಜೊತೆಗೇ ಬೂದಿಯಾಗಲಿ."

ಅಂಗಳದಲ್ಲಿ ತಾರ್ಪಾಲಿನಡಿ ಕಾವಾ ಬೇರಿನ ಪಾನಕ ಕುಡಿಯುತ್ತಿದ್ದ ಗಂಡಸರು ತಿರುಗಿ ನೋಡಿದರು. ಮೈದುನ ರಾಮೌತಾರ್ ಎದ್ದು ಬಂದ. "ಅತ್ತಿಗೆ, ಹೆಣದ ಮುಂದೆ ಜಗಳ ಬೇಡ. ಮೂರಕ್ಕೆ ಹೊರಡಬೇಕು."

"ಜಗಳಾನಾ? ಊಟಕ್ಕೆ ಬನ್ನಿ ಅಂದದ್ದು ಬಿಟ್ರೆ ಹನ್ನೆರಡು ವರ್ಷ ಆ ಮನುಷ್ಯನ ಹತ್ರ ಮಾತೇ ಆಡಿಲ್ವಲ್ಲೋ ನಾನು!"

*

ಗಂಡ ಬಿಸುನ್‌ದೇವ್ ಸುವಾ ನಗರದ ಯೂನಿವರ್ಸಿಟಿಯಲ್ಲಿ ತಂತ್ರಜ್ಞ. ಎಲ್ಲೋ ಕಡಲಾಚೆ ಮಿಂಚು ಹೊಡೆದರೆ ಅದರ ರೇಡಿಯೋ ಅಲೆ ನೆಲಕ್ಕೂ, ಆಕಾಶದಲ್ಲಿ ಮೇಲಿರುವ ವಿದ್ಯುತ್ ಪದರವಾದ ಅಯಾನುಗೋಳದ ತಳಕ್ಕೂ ಪುಟಿಯುತ್ತ ಬಂದು, ಹೆಡ್‌ಫೋನಿನಲ್ಲಿ ಹಕ್ಕಿಮರಿಯಂತೆ ಚಿಂವ್ ಅನ್ನುತ್ತಿತ್ತು. ಆ ದನಿಯನ್ನು ಅಳೆದು, ಆ ತಳ ಎಷ್ಟು ಕಿಲೋಮೀಟರ್ ಎತ್ತರದಲ್ಲಿದೆ ಎಂದು ರಾತ್ರಿಯಿಡೀ ಬರೆಯುವುದು ಅವನ ಕೆಲಸ. ಮನೆಯಲ್ಲಿ ಕರೆಂಟಿದ್ದರೆ ಆ ಚಿಂವ್ ಕೇಳಿಸದು, ಬರೀ ಗುಂಯ್‌ಗಾಟ. ಅದಕ್ಕೇ ಕತ್ತಲಾದೊಡನೆ ಮನೆಯ ಮೇನ್ ಆಫ್. ಜೈವತಿ ಲಾಟೀನಿನ ಬೆಳಕಲ್ಲಿ ರೊಟ್ಟಿ ಸುಡುತ್ತ, "ಏನಂತಾಳೆ ನನ್ನ ಸವತಿ?" ಎಂದು ಕಿಚಾಯಿಸುತ್ತಿದ್ದಳು.

ಹನ್ನೆರಡು ವರ್ಷದ ಹಿಂದೆ, ಹತ್ತೊಂಬತ್ತರ ಮಗಳು ಪ್ರೇಮಿಳಾ ಜ್ವರದಲ್ಲಿ ಹೋದಳು. ಅವಳ ಹೆಣ ನಡುಮನೆಯಲ್ಲಿದ್ದ ರಾತ್ರಿ, ಅಪ್ಪನೆನಿಸಿಕೊಂಡವನು ಹಿಂದಿನ ಕೋಣೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ, ಹೆಡ್‌ಫೋನ್ ಹಾಕಿಕೊಂಡು ಬರೆಯುತ್ತ ಕೂತಿದ್ದ. ಬಾಗಿಲಲ್ಲಿ ನಿಂತು ಅದನ್ನು ನೋಡಿದ ಜೈವತಿಯ ಬಾಯಿ ಅಂದೇ ಕಟ್ಟಿತು.

*

"ಇದೇ ಆ ರಾತ್ರಿಯ ಪುಟ," ಎಂದು ಜೈವತಿ ಪುಸ್ತಕ ಬಿಚ್ಚಿ ಲಿತಿಯಾಳ ಕೈಗಿಟ್ಟಳು. "ಓದ್ಕೋ. ಆಮೇಲೆ ಸುಡ್ತೀನಿ."

ಲಿತಿಯಾಳ ಬೆರಳು ಪುಟದ ಮೇಲೆ ಇಳಿಯುತ್ತ ಇಳಿಯುತ್ತ ನಿಂತಿತು. "ಅವತ್ತು ಮೇನ್ ಆಫ್ ಮಾಡಿದ್ರಾ, ಆಂಟಿ?"

"ಸತ್ತ ಮನೇಲಿ ಕತ್ತಲೆ ಮಾಡ್ತಾರೇನೇ? ಬೆಳಗಿನ ತನಕ ಎಲ್ಲಾ ದೀಪಾನೂ ಉರೀತಿತ್ತು."

"ಹಾಗಾದ್ರೆ ಅಂಕಲ್‌ಗೆ ಏನೂ ಕೇಳಿಸಿರೋಲ್ಲ. ನೋಡಿ, ಎಂಬತ್ತೇಳು, ಎಂಬತ್ತೇಳು, ಎಂಬತ್ತೇಳು... ಪುಟ ಪೂರ್ತಿ ಅದೇ. ಆ ಎತ್ತರ ಹಾಗೆ ಒಂದೇ ಕಡೆ ನಿಲ್ಲಲ್ಲ ಆಂಟಿ, ಏರಿಳೀತಾನೇ ಇರುತ್ತೆ. ಒಂದು ಅಂಕಿ ತಪ್ಪಿದ್ರೆ ನಮ್ಮ ಗ್ರಹಚಾರ ಬಿಡಿಸ್ತಿದ್ದವರು ಅವರು."

"ಮತ್ತೆ ಏನು ಮಾಡ್ತಿದ್ರು ಅಲ್ಲಿ?"

ರಾಮೌತಾರ್ ತಲೆ ತಗ್ಗಿಸಿದ. "ಅವತ್ತು ರಾತ್ರಿ ಟೀ ಕೊಡೋಕೆ ಹೋಗಿದ್ದೆ ಅತ್ತಿಗೆ. ಅಣ್ಣ ಅಳ್ತಾ ಇದ್ದ. ಅಂಗಿಯೆಲ್ಲಾ ಒದ್ದೆ. 'ಅವಳಿಗೆ ಹೇಳಬೇಡ, ನನ್ನ ನೋಡಿದ್ರೆ ಅವಳೂ ಕುಸಿದು ಹೋಗ್ತಾಳೆ' ಅಂದ."

"ಹನ್ನೆರಡು ವರ್ಷ ಕಣೋ, ಪಾಪಿ! ಬಾಯಿ ಬಿಡೋಕೆ ಏನಾಗಿತ್ತೋ ನಿಂಗೆ!"

ರಾಮೌತಾರ್ ಅಳತೊಡಗಿದ. ಜೈವತಿ ಲಿತಿಯಾಳ ಕೈಯಿಂದ ಪುಸ್ತಕ ಕಿತ್ತುಕೊಂಡಳು. "ಇದು ಎಲ್ಲಿಗೂ ಹೋಗಲ್ಲ. ನನಗೆ ಬೇಕು."

ಆಮೇಲೆ ಪೆಟ್ಟಿಗೆಯ ಮೇಲೆ ಬಗ್ಗಿ, ಗಂಡನ ಕಿವಿಗೆ ಬಾಯಿ ಹಚ್ಚಿ ಮಾತಾಡತೊಡಗಿದಳು. ಏನು ಹೇಳುತ್ತಿದ್ದಾಳೆಂದು ಯಾರಿಗೂ ಕೇಳಿಸಲಿಲ್ಲ. ಮೂರು ಗಂಟೆ ದಾಟಿತು. ಮುಚ್ಚಳ ಹಿಡಿದು ನಿಂತ ನಾಲ್ವರು ಭಾರವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು. ಅವಳ ಮಾತು ಇನ್ನೂ ಮುಗಿದಿರಲಿಲ್ಲ.